ಫ್ಯಾಮಿಲಿ ರೆಸ್ಟೋರೆಂಟ್: ಬಳಸುವ ಮುನ್ನ ಓದಿ

ಮಿಕ್ಸಿ ತಂದರೆ ಪೆಟ್ಟಿಗೆಯೊಳಗೆ ಒಂದು ಪುಸ್ತಕ ಇರುತ್ತದೆ. ತೋಟದ ಕಳೆ ಹೊಡೆಯುವ ಮಿಷನ್ ತಂದರೂ ಇರುತ್ತದೆ, ಓಡುತ್ತಿರುವ ಬ್ಲೇಡಿಗೆ ಕೈ ಹಾಕಬೇಡಿ ಅಂತ ನಾಲ್ಕು ಭಾಷೆಯಲ್ಲಿ ಅದರಲ್ಲಿ ಬರೆದಿರುತ್ತಾರೆ. ಆದರೆ ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಹೆಂಡತಿ, ಮಕ್ಕಳು, ಅತ್ತೆ, ಬೆಂಗಳೂರಿನಿಂದ ಬಂದ ಭಾವನ ಸಂಸಾರ ಎಲ್ಲರನ್ನೂ ಎರಡು ಕಾರಿಗೆ ತುಂಬಿಕೊಂಡು ಫ್ಯಾಮಿಲಿ ರೆಸ್ಟೋರೆಂಟಿಗೆ ನುಗ್ಗುವವನ ಕೈಗೆ ಯಾರೂ ಏನೂ ಕೊಡುವುದಿಲ್ಲ. ಲ್ಯಾಮಿನೇಟ್ ಮಾಡಿದ ಮೆನು ಕಾರ್ಡ್ ಒಂದು ಕೊಡುತ್ತಾರೆ, ನಿಜ. ಅದನ್ನು ನಂಬಿ ಕೆಟ್ಟವರಿಗಾಗಿಯೇ ಈ ಕೈಪಿಡಿ.

ಚಿಕ್ಕಮಗಳೂರಿನ ಐ.ಜಿ. ರಸ್ತೆಯಿಂದ ಶುರುವಾಗಿ ಆಲ್ದೂರು, ಮೂಡಿಗೆರೆ ಹ್ಯಾಂಡ್‌ಪೋಸ್ಟ್, ಬಣಕಲ್, ಕೊಟ್ಟಿಗೆಹಾರ, ಅತ್ತ ಬಾಳೆಹೊನ್ನೂರು, ಮಾಗುಂಡಿ, ಕಳಸದವರೆಗೆ ಎಲ್ಲ ಮಾದರಿಗಳಿಗೂ ಇದು ಅನ್ವಯಿಸುತ್ತದೆ. ಇಂಥದ್ದೇ ಹೋಟೆಲ್ ಅಂತ ಹೆಸರು ಕೇಳಬೇಡಿ. ಯಾವ ಹೋಟೆಲ್ ಅಂತ ನಿಮಗೆ ಗೊತ್ತು, ನಾಳೆಯೂ ನೀವು ಅಲ್ಲಿಗೇ ಹೋಗುವವರು.

ಈ ಯಂತ್ರದ ಬಗ್ಗೆ ಇರುವ ದೂರು ಒಂದೇ. ಹೋದ ವಾರ ತಿಂದ ಕಡುಬು ಬಾಯಲ್ಲಿ ಕರಗಿತ್ತು, ಈ ವಾರದ್ದನ್ನು ನಾಯಿಗೆ ಎಸೆದರೆ ನಾಯಿಯೇ ಪಕ್ಕಕ್ಕೆ ಸರಿಯಿತು. ಅದೇ ಹೋಟೆಲ್, ಅದೇ ಟೇಬಲ್, ರೇಟು ಮಾತ್ರ ಐದು ರೂಪಾಯಿ ಹೆಚ್ಚು. ಜನ ಇದನ್ನು ಅದೃಷ್ಟ ಅನ್ನುತ್ತಾರೆ. ಅದೃಷ್ಟವಲ್ಲ ಮಾರಾಯ್ರೆ. ಈ ಏರುಪೇರಿಗೆ ಮಳೆಗಾಲ ಬೇಸಿಗೆ ಇದ್ದ ಹಾಗೆ ಒಂದು ಲೆಕ್ಕ ಇದೆ. ಆಕಾಶ ನೋಡಿ, ಪಂಚಾಂಗ ನೋಡಿ, ಘಾಟಿ ರಸ್ತೆಯ ಸುದ್ದಿ ಕೇಳಿ, ಆಮೇಲೆ ಬಾಯಿ ತೆರೆದು ಆರ್ಡರ್ ಕೊಟ್ಟರೆ ಇದೇ ಹೋಟೆಲಿನಲ್ಲಿ ರಾಜನ ಹಾಗೆ ಉಣ್ಣಬಹುದು.

ಬಿಡಿಭಾಗಗಳು

ಗಲ್ಲ ಮತ್ತು ಅದರ ಹಿಂದೆ ಕೂತ ಯಜಮಾನರು. ಅವರ ತಲೆಯ ಮೇಲೆ ಶೃಂಗೇರಿ ಶಾರದೆ, ಹೊರನಾಡಿನ ಅನ್ನಪೂರ್ಣೇಶ್ವರಿ, ಧರ್ಮಸ್ಥಳದ ಮಂಜುನಾಥ, ಮತ್ತು ಊದುಬತ್ತಿಯ ಹೊಗೆಗೆ ಹಳದಿಯಾದ ಆಹಾರ ಇಲಾಖೆಯ ಲೈಸೆನ್ಸ್. ಲೈಸೆನ್ಸಿನಲ್ಲಿ 14 ಅಂಕಿಯ ನಂಬರ್ ಇರಬೇಕು, ಗಿರಾಕಿಗೆ ಕಾಣುವಂತಿರಬೇಕು. ಅದಕ್ಕೂ ಹೂವು ಮುಡಿಸಿದ್ದರೆ ಒಳ್ಳೆಯ ಲಕ್ಷಣ, ಯಜಮಾನರಿಗೆ ಸರ್ಕಾರದ ಭಯ ಭಕ್ತಿ ಎರಡೂ ಇವೆ ಅಂತ ಅರ್ಥ. ಮೂಡಿಗೆರೆ ಕಡೆಯ ಮಾದರಿಗಳಲ್ಲಿ ಇದರ ಪಕ್ಕಕ್ಕೆ ತೇಜಸ್ವಿಯವರ ಫೋಟೋ ಇರುವುದುಂಟು. ಕ್ಯಾಮೆರಾ ಹಿಡಿದ ತೇಜಸ್ವಿ ಇದ್ದರೆ ಹೋಟೆಲಿಗೆ ಬೆಂಗಳೂರಿನ ಗಿರಾಕಿ ಹೆಚ್ಚು, ಹಾಗಾಗಿ ಸಾಂಬಾರಿಗೆ ಬೆಲ್ಲವೂ ಹೆಚ್ಚು.

ಫ್ಯಾಮಿಲಿ ರೂಂ. ಪ್ಲೈವುಡ್ಡಿನ ಮರೆ, ಅರ್ಧ ಬಾಗಿಲು ಇಲ್ಲವೇ ಹಸಿರು ಪರದೆ, ಬೆನ್ನಿಗೆ ಅಂಟುವ ರೆಕ್ಸಿನ್ ಸೀಟು, ಗೋಡೆಯಲ್ಲೊಂದು ಕಾಲಿಂಗ್ ಬೆಲ್ಲಿನ ಸ್ವಿಚ್ಚು. ಹೆಂಗಸರು ಗಂಡಸರ ನಡುವೆ ಕೂತು ಉಣ್ಣಲು ಹಿಂಜರಿಯುತ್ತಿದ್ದ ಕಾಲದ ಏರ್ಪಾಡು ಇದು. ಈಗ ಇದನ್ನು ಬಳಸುವವರು ಡಿಗ್ರಿ ಕಾಲೇಜಿನ ಪ್ರೇಮಿಗಳು ಮತ್ತು ಚೀಟಿ ವ್ಯವಹಾರದವರು. ನೀವು ಕೂರಬೇಡಿ. ಸ್ವಿಚ್ಚು ಒತ್ತಿದರೆ ಬೆಲ್ ಹೊಡೆಯುವುದಿಲ್ಲ, ಹೊಡೆದರೂ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ, ಕೇಳಿದರೂ ಅದು ಯಾವ ರೂಮಿನದು ಅಂತ ಗೊತ್ತಾಗುವುದಿಲ್ಲ. ಪರದೆ ಎಳೆದುಕೊಂಡ ಮೇಲೆ ನೀವು ಈ ಲೋಕಕ್ಕೆ ಸೇರಿದವರಲ್ಲ. ಕೂರಬೇಕಾದ್ದು ಗಲ್ಲದಿಂದ ನೇರ ಕಾಣುವ ಟೇಬಲ್ಲಿನಲ್ಲಿ. ಈ ಹೋಟೆಲುಗಳಲ್ಲಿ ಸರ್ವಿಸ್ ಅನ್ನುವುದು ನಡೆಯುವುದು ಯಜಮಾನರ ಕಣ್ಣಿನಿಂದ. ಆ ಕಣ್ಣು ಎಲ್ಲಿಯವರೆಗೆ ಹರಿಯುತ್ತದೋ ಅಲ್ಲಿಯವರೆಗೆ ನೀರಿನ ಲೋಟ ತುಂಬಿರುತ್ತದೆ.

ಎ.ಸಿ. ವಿಭಾಗ. ನಮ್ಮೂರಿಗೆ ಬೇಡ. ಮುಂದಿನದಕ್ಕೆ ಹೋಗಿ.

ಮೆನು ಕಾರ್ಡ್. ಇದನ್ನು ಓದಬಾರದು, ನೋಡಬೇಕು. ದರದ ಮೇಲೆ ಬಿಳಿ ಸ್ಟಿಕ್ಕರ್ ಅಂಟಿಸಿರುತ್ತಾರೆ. ಉಗುರಿನಲ್ಲಿ ಮೆಲ್ಲಗೆ ಎಬ್ಬಿಸಿ, ಅದರ ಕೆಳಗೆ ಇನ್ನೊಂದು ಸ್ಟಿಕ್ಕರ್, ಅದರ ಕೆಳಗೆ ಬಾಲ್ ಪೆನ್ನಿನಲ್ಲಿ ತಿದ್ದಿದ ಅಂಕಿ, ತಳದಲ್ಲಿ ಕೋವಿಡ್ಡಿಗೂ ಹಿಂದಿನ ಮುದ್ರಿತ ದರ. ಯಾವ ತಿಂಡಿಯ ಮೇಲೆ ಸ್ಟಿಕ್ಕರುಗಳ ಪದರ ದಪ್ಪವಾಗಿದೆಯೋ ಅದು ಓಡುವ ತಿಂಡಿ. ನೀರುದೋಸೆ, ಕೋಳಿ ಸಾರು, ಪರೋಟ, ಎಗ್ ರೈಸ್ ಇವುಗಳ ಎದುರು ಸ್ಟಿಕ್ಕರು ಗುಡ್ಡೆಯಾಗಿರುತ್ತದೆ. 'ವೆಜ್ ಸ್ಟ್ರೋಗನಾಫ್' ಎದುರು ಮುದ್ರಣವಾದ ದರವೇ ಉಳಿದಿದೆ ಅಂದರೆ ಅದನ್ನು ಇಷ್ಟು ವರ್ಷ ಯಾರೂ ಕೇಳಿಲ್ಲ, ಮೊದಲಿಗರು ನೀವಾಗಬೇಡಿ. ಪನೀರಿನ ಪುಟವನ್ನು ಪೂರ್ತಿ ಬಿಟ್ಟುಬಿಡಿ. ಅಲ್ಲಿ ಬಟರ್ ಮಸಾಲ, ಕಡಾಯಿ, ಹೈದರಾಬಾದಿ, ಕೊಲ್ಹಾಪುರಿ ಅಂತ ಹದಿನಾರು ಹೆಸರಿದ್ದರೂ ಒಳಗೆ ಇರುವುದು ಕೆಂಪು ಗ್ರೇವಿ ಒಂದು, ಬಿಳಿ ಗ್ರೇವಿ ಒಂದು. ಎರಡನ್ನೂ ಬೆರೆಸುವ ಪ್ರಮಾಣದಲ್ಲಿ ಭಾರತದ ಭೂಪಟ ಅಡಗಿದೆ.

ಹವಾಮಾನಕ್ಕೆ ತಕ್ಕಂತೆ ಸೆಟ್ಟಿಂಗ್

ಇದು ಈ ಕೈಪಿಡಿಯ ಜೀವಾಳ, ಇಷ್ಟನ್ನೇ ಓದಿ ಉಳಿದದ್ದು ಬಿಟ್ಟರೂ ನಷ್ಟವಿಲ್ಲ.

ಇಡ್ಲಿ, ಸೆಟ್ ದೋಸೆ, ಮಸಾಲೆ ದೋಸೆ ಇವೆಲ್ಲ ಹುಳಿ ಬರಬೇಕಾದ ಹಿಟ್ಟಿನವು. ಅಕ್ಕಿ ಉದ್ದು ರುಬ್ಬಿಟ್ಟ ಹಿಟ್ಟನ್ನು ಉಬ್ಬಿಸುವುದು ಬ್ಯಾಕ್ಟೀರಿಯಾಗಳು, ಅವಕ್ಕೆ 30 ಡಿಗ್ರಿಯ ಆಸುಪಾಸಿನ ಬೆಚ್ಚಗೆ ಬೇಕು. ಬಳ್ಳಾರಿಯಲ್ಲಿ ಹಿಟ್ಟು ರಾತ್ರಿಯೇ ಪಾತ್ರೆಯ ಮುಚ್ಚಳ ತಳ್ಳಿಕೊಂಡು ಹೊರಗೆ ಬರುತ್ತದೆ. ಜುಲೈ ತಿಂಗಳ ಕೊಟ್ಟಿಗೆಹಾರದಲ್ಲಿ ಹಗಲೇ ಶಾಲು ಹೊದ್ದು ಕೂರುವ ಚಳಿ. ಅಲ್ಲಿ ಹಿಟ್ಟೂ ಮುದುಡಿ ಮಲಗುತ್ತದೆ. ಮನೆಯಲ್ಲಾದರೆ ಪಾತ್ರೆಯನ್ನು ಬಚ್ಚಲೊಲೆಯ ಪಕ್ಕ ಇಟ್ಟು ಕಂಬಳಿ ಹೊದಿಸುತ್ತಾರೆ. ಹೋಟೆಲಿನಲ್ಲಿ ಐವತ್ತು ಲೀಟರ್ ಹಿಟ್ಟಿಗೆ ಕಂಬಳಿ ಎಲ್ಲಿಂದ ತರುವುದು? ಸೋಡಾಪುಡಿ ಬೀಳುತ್ತದೆ. ಅದನ್ನು ಪತ್ತೆ ಹಚ್ಚುವುದು ಸುಲಭ. ಇಡ್ಲಿ ಸ್ವಲ್ಪ ಹಳದಿಗೆ ತಿರುಗಿರುತ್ತದೆ, ದೋಸೆ ಬೇಯುವ ಮೊದಲೇ ಗಾಢ ಕಂದು ಬಣ್ಣಕ್ಕೆ ಬರುತ್ತದೆ, ನುಂಗಿದ ಮೇಲೆ ನಾಲಗೆಯ ಹಿಂಭಾಗದಲ್ಲಿ ಸೋಪಿನಂಥ ಒಂದು ರುಚಿ ಉಳಿಯುತ್ತದೆ. ಭಟ್ಟರ ತಪ್ಪಲ್ಲ ಅದು. ಆಷಾಢದಲ್ಲಿ ಹುಳಿ ದೋಸೆ ಕೇಳಿದವನದು.

ಮಳೆಗಾಲದಲ್ಲಿ ಕೇಳಬೇಕಾದದ್ದು ಹುಳಿಯ ಹಂಗಿಲ್ಲದ ತಿಂಡಿ. ನೀರುದೋಸೆ: ನೆನೆಸಿದ ಅಕ್ಕಿ ರುಬ್ಬಿ, ನೀರು ಮಾಡಿ, ಕಾವಲಿಯ ಮೇಲೆ ಹುಯ್ಯುವುದು, ಅಷ್ಟೇ. ಕಡುಬು: ಅಕ್ಕಿ ತರಿಯನ್ನು ನೀರಿನಲ್ಲಿ ತಿರುವಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸುವುದು. ಅಕ್ಕಿ ರೊಟ್ಟಿ, ಒತ್ತು ಶ್ಯಾವಿಗೆ, ಇವೂ ಹಾಗೆಯೇ. ಮಲೆನಾಡಿನ ಅಜ್ಜಿಯರು ಮಳೆಯ ಕಾಟ ನೋಡಿಕೊಂಡೇ ತಿಂಡಿಗಳ ಪಟ್ಟಿ ಕಟ್ಟಿದರು ಅಂತ ನನ್ನ ಗುಮಾನಿ. ಕೊಟ್ಟಿಗೆಹಾರದ ನೀರುದೋಸೆಗೆ ಚಾರ್ಮಾಡಿ ಘಾಟಿ ಹತ್ತಿ ಬಂದವರು ಕಾರು ನಿಲ್ಲಿಸುವುದು ಸುಮ್ಮನೆ ಅಲ್ಲ. ಹೊರಗೆ ಮುಸಲಧಾರೆ ಸುರಿಯುತ್ತಿರುವಾಗಲೂ ಅದು ನಿನ್ನೆಯ ಹಾಗೆಯೇ ಇರುತ್ತದೆ. ಹುಯ್ದ ಮೂವತ್ತು ಸೆಕೆಂಡಿಗೆ ಸಿದ್ಧ, ನಾಲ್ಕು ಮಡಿಕೆ ಮಾಡಿ ತಟ್ಟೆಗೆ ಬಿದ್ದಾಗ ಅಂಚಿನಿಂದ ಇನ್ನೂ ಹಬೆ ಏಳುತ್ತಿರಬೇಕು, ತೂತುಗಳಲ್ಲಿ ಕೆಳಗಿನ ಬಾಳೆಲೆಯ ಹಸಿರು ಕಾಣಬೇಕು. ಒಂದಕ್ಕೊಂದು ಅಂಟಿಕೊಂಡು ಬಂದರೆ ಅದು ಬೆಳಗಿನದು, ವಾಪಸ್ ಕಳಿಸಿ.

ಮಳೆಗಾಲದ ಇನ್ನೊಂದು ಭಾಗ ಮೆಸ್ಕಾಂ. ಗಾಳಿಗೆ ಒಂದು ಸಿಲ್ವರ್ ಮರ ಲೈನಿನ ಮೇಲೆ ಬಿದ್ದರೆ ಎರಡು ದಿನ ಕರೆಂಟಿಲ್ಲ. ಜನರೇಟರಿನಲ್ಲಿ ಬಲ್ಬು ಉರಿಯುತ್ತದೆ, ಗ್ರೈಂಡರ್ ತಿರುಗಿಸಿದರೆ ಡೀಸೆಲ್ ಖರ್ಚು ನೋಡಿ ಯಜಮಾನರಿಗೆ ಬಿ.ಪಿ. ಏರುತ್ತದೆ. ಹೀಗಾಗಿ ಕರೆಂಟು ಹೋದ ಮರುದಿನ ಕಾಯಿ ಚಟ್ನಿ ಇರುವುದಿಲ್ಲ, ಇದ್ದರೆ ಅದರ ವಯಸ್ಸು ಕೇಳಬೇಕು. ಉಪ್ಪಿನ ಡಬ್ಬಿಯಲ್ಲಿ ಹಾಕಿದ ಅಕ್ಕಿ ಕಾಳೂ ಒದ್ದೆಯಾಗಿ ಉಪ್ಪು ಬೀಳದಿದ್ದರೆ ಮುಚ್ಚಳ ತೆಗೆಯಬೇಡಿ. ಈ ಹಿಂದೆ ತೆಗೆದವರ ಸಾಂಬಾರು ಏನಾಯಿತು ಅಂತ ಸಪ್ಲೈಯರ್ ಹೇಳುತ್ತಾನೆ.

ಮೀನು. ನಮ್ಮ ಗುಡ್ಡದ ಮೇಲೆ ಬಂಗುಡೆ ಬೆಳೆಯುವುದಿಲ್ಲ. ಮೂಡಿಗೆರೆ ಕಡೆಗೆ ಅದು ಚಾರ್ಮಾಡಿ ಹತ್ತಿ ಬರಬೇಕು, ಕಳಸಕ್ಕೆ ಕಾರ್ಕಳದಿಂದ ಕುದುರೆಮುಖದ ದಾರಿಯಲ್ಲಿ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಹೋಟೆಲಿನ ಬೋರ್ಡಿನಲ್ಲಿ 'ತಾಜಾ ಬಂಗುಡೆ ಫ್ರೈ' ಅಂತ ಸೀಮೆಸುಣ್ಣದಲ್ಲಿ ಬರೆದಿದ್ದರೆ ಅದರಲ್ಲಿ ತಾಜಾ ಇರುವುದು ಸೀಮೆಸುಣ್ಣ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಬಂದ್ ಆದಾಗಲೂ ಕೆಲವು ಮೆನುಗಳಲ್ಲಿ ಅಂಜಲ್ ತವಾ ಫ್ರೈ ಧೈರ್ಯವಾಗಿ ನಿಂತಿತ್ತು. ಮೊದಲ ಮಳೆಗೆ ಹಳ್ಳ ಹತ್ತಿ ಬರುವ ಹತ್ತುಮೀನು, ಗದ್ದೆಯ ಏಡಿ, ಅಣಬೆ, ಕಳಲೆ ಇವೆಲ್ಲ ಅದೇ ಹೊತ್ತಿನಲ್ಲಿ ಯಜಮಾನರ ಮನೆಯ ಅಡುಗೆಮನೆಯಲ್ಲಿ ಕುದಿಯುತ್ತಿರುತ್ತವೆ, ಮೆನುವಿನಲ್ಲಿ ಹುಡುಕಬೇಡಿ. ಪರಿಚಯ ಬೆಳೆಸಿಕೊಳ್ಳಿ.

ಕೋಳಿಗೆ ಭಾನುವಾರ ಸರಿ, ಸೋಮವಾರ ಬೇಡ. ಶ್ರಾವಣದಲ್ಲಿ ಯಾವ ವಾರವೂ ಬೇಡ, ಮುಟ್ಟುವವರಿಲ್ಲದೆ ಅದು ಫ್ರೀಜರಿನಲ್ಲಿ ವ್ರತ ಹಿಡಿದಿರುತ್ತದೆ.

ಗೋಬಿ ಮಂಚೂರಿಯ ಬಗ್ಗೆ ಒಂದು ಸುರಕ್ಷತಾ ಸೂಚನೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು, ಪರೀಕ್ಷೆಯಲ್ಲಿ ಅಸುರಕ್ಷಿತ ಬಣ್ಣಗಳು ಸಿಕ್ಕಿದ್ದವು. ಜೂನ್‌ನಲ್ಲಿ ಕಬಾಬಿಗೂ ನಿಷೇಧ ಬಂತು. ಅಂದಿನಿಂದ ಸರಿಯಾದ ಗೋಬಿ ಮಣ್ಣಿನ ಬಣ್ಣದಲ್ಲಿ ಬರುತ್ತದೆ, ಮಕ್ಕಳು 'ಇದಲ್ಲ, ಕೆಂಪದು ಬೇಕು' ಅಂತ ರಚ್ಚೆ ಹಿಡಿಯುತ್ತಾರೆ. ರಚ್ಚೆ ಹಿಡಿಯಲಿ. ಕೆಂಪದು ಬಂದರೆ ಏಳಿ.

ಮೋಟಾರು

ಈ ಯಂತ್ರದ ಮೋಟಾರು ಅಡುಗೆಯವರು. ಸಸ್ಯಾಹಾರದ ಕಡೆ ಭಟ್ಟರು, ಮಾಂಸದ ಕಡೆ ಇನ್ನೊಬ್ಬರು. ಅನುಕೂಲಕ್ಕಾಗಿ ಇಬ್ಬರನ್ನೂ ಇಲ್ಲಿ ಅಡುಗೆಯಣ್ಣ ಅನ್ನುತ್ತೇನೆ. ಹೋಟೆಲಿನ ಹೆಸರು, ಬಣ್ಣ, ಸೋಫಾ, ಯಜಮಾನರು ಎಲ್ಲ ಬದಲಾದರೂ ಅಡುಗೆಯಣ್ಣ ಅವನೇ ಇದ್ದರೆ ಹೋಟೆಲ್ ಅದೇ. ಅವನು ಬಿಟ್ಟು ಹೋದರೆ ಬೋರ್ಡ್ ಮಾತ್ರ ಉಳಿಯುತ್ತದೆ.

ಅವನು ಹೋಟೆಲಿನಲ್ಲಿ ಇರದ ದಿನಗಳನ್ನು ಮುಂಚೆಯೇ ತಿಳಿಯಬಹುದು. ಗೋಡೆಯ ಕ್ಯಾಲೆಂಡರಿನಲ್ಲಿ ಏಪ್ರಿಲ್, ಮೇ ತಿರುಗಿಸಿ, ಮದುವೆ ಮುಹೂರ್ತ ದಟ್ಟವಾಗಿರುವ ತಾರೀಕುಗಳನ್ನು ಗುರುತು ಮಾಡಿ. ಕೈ ರುಚಿ ಇರುವ ಅಡುಗೆಯಣ್ಣನನ್ನು ಆ ದಿನ ಯಾವ ಹೋಟೆಲೂ ಹಿಡಿದಿಟ್ಟುಕೊಳ್ಳಲಾರದು. ಒಂದು ಮದುವೆ ಊಟ, ಒಂದು ಬೀಗರ ಊಟ ಬೇಯಿಸಿದರೆ ಅವನಿಗೆ ಹೋಟೆಲಿನ ಹದಿನೈದು ದಿನದ ಸಂಬಳ. ಸೌಟು ಎರಡನೆಯವನ ಕೈಗೆ ಬರುತ್ತದೆ, ಎರಡನೆಯವನ ಚೂರಿ ಮೂರನೆಯವನಿಗೆ, ಕಡೆಗೆ ಟೇಬಲ್ ಒರೆಸುತ್ತಿದ್ದ ಹುಡುಗ ಒಗ್ಗರಣೆ ಹಾಕುತ್ತಾನೆ. ಆದ್ದರಿಂದ ಮುಹೂರ್ತದ ದಿನ ಹೋಟೆಲಿನಲ್ಲಿ ಉಣ್ಣಬೇಡಿ, ಮದುವೆ ಮನೆಗೆ ಹೋಗಿ. ಕರೆಯದಿದ್ದರೂ ಹೋಗಿ. ನಿಮ್ಮ ಹೋಟೆಲ್ ಅಲ್ಲೇ ಇದೆ.

ನವೆಂಬರಿನಿಂದ ಮಾರ್ಚ್‌ವರೆಗೆ ಇನ್ನೊಂದು ತೊಡಕು. ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ, ಹಣ್ಣು ಕುಯ್ಲಿನ ಕಾಲ. ಕೆ.ಜಿ. ಲೆಕ್ಕದ ಕೂಲಿಗೆ ಪಾತ್ರೆ ತೊಳೆಯುವ ಅಕ್ಕ ತೋಟದ ಜೀಪು ಹತ್ತಿರುತ್ತಾಳೆ. ತಟ್ಟೆಯ ಅಂಚಿನಲ್ಲಿ ಹಿಂದಿನವರ ಪಲ್ಯ ಒಣಗಿದ್ದರೆ ಕಾಫಿ ಬೆಳೆ ಈ ವರ್ಷ ಚೆನ್ನಾಗಿದೆ ಅಂತ ಖುಷಿಪಡಿ, ಬೇರೆ ತಟ್ಟೆ ಕೇಳಿ.

ಚಾಲನೆ ಮಾಡುವ ಕ್ರಮ

ಹೊತ್ತು ಮೊದಲು. ಮಧ್ಯಾಹ್ನದ ಊಟಕ್ಕೆ ಹನ್ನೆರಡೂಕಾಲು. ಆಗ ಅನ್ನ ಬಸಿದ ಹಬೆ ಇನ್ನೂ ಇರುತ್ತದೆ, ಸಾಂಬಾರಿನ ತರಕಾರಿ ಆಕಾರ ಕಳೆದುಕೊಂಡಿರುವುದಿಲ್ಲ. ಶನಿವಾರ ಭಾನುವಾರ ಒಂದೂವರೆಯ ಮೇಲೆ ಮುಳ್ಳಯ್ಯನಗಿರಿ ಇಳಿದ ಟಿ.ಟಿ.ಗಳು ಸಾಲಾಗಿ ಬಂದು ನಿಲ್ಲುತ್ತವೆ. ಆಮೇಲೆ ಒಳಗೆ ನಡೆಯುವುದು ಅಡುಗೆಯಲ್ಲ, ಪ್ರವಾಹ ಪರಿಹಾರ. ಇದ್ದ ಸಾಂಬಾರಿಗೆ ಬಿಸಿನೀರು, ಬಿಸಿನೀರಿಗೆ ಸಾಂಬಾರ್ ಪುಡಿ. ಮೂರು ಗಂಟೆಗೆ ಬಂದವರು ಇತಿಹಾಸವನ್ನು ಉಣ್ಣುತ್ತಾರೆ.

ಬಸ್ಸಿನವರು ಎಲ್ಲಿ ಕೂತಿದ್ದಾರೆ ನೋಡಿ. ಡ್ರೈವರ್ ಕಂಡಕ್ಟರುಗಳಿಗೆ ಅಡುಗೆಮನೆ ಬಾಗಿಲ ಹತ್ತಿರ ಒಂದು ಟೇಬಲ್ ಮೀಸಲು. ಬಸ್ಸನ್ನು ಈ ಹೋಟೆಲಿನ ಎದುರೇ ನಿಲ್ಲಿಸಬೇಕಲ್ಲ, ಹಾಗಾಗಿ ಅವರಿಗೆ ಹಳಸಿದ್ದು ಹಾಕುವ ಧೈರ್ಯ ಯಾವ ಯಜಮಾನರಿಗೂ ಇಲ್ಲ. ಕಾರ್ಮಿಕರೇ ಮಾಲೀಕರಾಗಿದ್ದ ಕೊಪ್ಪದ ಸಹಕಾರ ಸಾರಿಗೆ 1991ರಿಂದ 2020ರವರೆಗೆ ಮಲೆನಾಡಿನ ಮೂಲೆ ಮೂಲೆಗೆ ಬಸ್ ಓಡಿಸಿತು, ಆ ಬಸ್ಸುಗಳ ವೇಳೆಗೆ ಎಷ್ಟೋ ಹೋಟೆಲುಗಳು ಕಾವಲಿ ಕಾಯಿಸುತ್ತಿದ್ದವು. ಬಸ್ ಬಂದರೆ ಹೊಸ ಒಬ್ಬೆ, ಬಸ್ ತಡವಾದರೆ ದೋಸೆಯೂ ತಡ. ಈಗ ಹಾಗೆ ಹೊತ್ತು ಕೊಡುವವರು ಕಮ್ಮಿ. ಇದ್ದಷ್ಟಾದರೂ ಬಳಸಿಕೊಳ್ಳಿ: ಬಸ್ಸಿನವರ ಪಕ್ಕದ ಟೇಬಲ್, ಬಸ್ಸಿನವರ ತಟ್ಟೆಯಲ್ಲಿ ಇರುವುದೇ ಆರ್ಡರ್.

ಈಗ ಸಪ್ಲೈಯರ್ ಬರುತ್ತಾನೆ. ಊರಿನ ಹುಡುಗನಾದರೆ ನೀವು ಯಾರ ಮನೆಯವರು ಅಂತ ಅವನಿಗೆ ಗೊತ್ತು, ಅಸ್ಸಾಮಿನವನಾದರೆ ಅವನಿಗೆ ಇಡೀ ಮೆನು ಒಂದೇ ಉಸಿರಿನಲ್ಲಿ ಗೊತ್ತು. 'ಇಡ್ಲಿ ವಡೆ ಪೂರಿ ಬನ್ಸ್ ಸೆಟ್‌ದೋಸೆ ಮಸಾಲ್‌ದೋಸೆ ಪಲಾವ್ ಬಿಸಿಬೇಳೆಬಾತ್.' ಪಟ್ಟಿಯ ಮೊದಲಿಗೆ ಬಂದದ್ದು ಬೇಗ ಖಾಲಿ ಮಾಡಬೇಕಾದದ್ದು.

'ಬಿಸಿ ಏನಿದೆ?' ಅಂತ ಕೇಳಬೇಡಿ. 'ಎಲ್ಲಾ ಬಿಸಿ ಸಾರ್' ಅನ್ನುತ್ತಾನೆ. 'ಯಾವುದು ಚೆನ್ನಾಗಿದೆ?' ಅಂತಲೂ ಬೇಡ, 'ಎಲ್ಲಾ ಚೆನ್ನಾಗಿದೆ ಸಾರ್.' ಕೇಳಬೇಕಾದದ್ದು ಹೀಗೆ:

'ಕಡುಬು ಎಷ್ಟೊತ್ತಿಗೆ ಇಳಿಸಿದ್ರು ಮಾರಾಯ?'

ಅವನು ಅಡುಗೆಮನೆ ಕಡೆ ನೋಡಿದರೆ ಕಡುಬು ಬೇಡ. 'ಈಗ್ಲೇ' ಅಂದರೂ ಬೇಡ. 'ಹತ್ತು ನಿಮಿಷ ಕೂತ್ಕೊಳ್ಳಿ, ಇಳೀತದೆ' ಅಂದರೆ ಅವನು ಸತ್ಯವಂತ, ಅವನ ಹೆಸರು ಕೇಳಿಟ್ಟುಕೊಳ್ಳಿ.

ಅತಿ ಮುಖ್ಯವಾದದ್ದು ಒಂದಿದೆ. ಎಷ್ಟು ಜನರಿದ್ದರೂ ಟೇಬಲ್ಲಿಗೆ ಮೂರಕ್ಕಿಂತ ಹೆಚ್ಚು ಬಗೆ ಹೇಳಬೇಡಿ. ಒಳಗೆ ಇರುವುದು ಒಂದು ದೋಸೆ ಕಾವಲಿ, ಎರಡು ದೊಡ್ಡ ಒಲೆ, ಒಂದು ಚೈನೀಸ್ ಬಾಣಲೆ. ಹತ್ತು ಜನ ಹತ್ತು ಬಗೆ ಹೇಳಿದರೆ ಮಕ್ಕಳ ನೂಡಲ್ಸ್ ಮೊದಲು ಬರುತ್ತದೆ, ಅವರು ತಿಂದು, ಹೊರಗೆ ಹೋಗಿ, ಬಿದ್ದು, ಮಂಡಿ ತರಚಿಕೊಂಡು, ಅತ್ತು, ಸಮಾಧಾನವಾಗಿ ಐಸ್‌ಕ್ರೀಂ ಮುಗಿಸುವ ಹೊತ್ತಿಗೆ ಭಾವನ ಪನೀರ್ ಬರುತ್ತದೆ. ಭಾವ ಪನೀರು ಹೇಳಿಯೇ ಹೇಳುತ್ತಾರೆ. ಬೆಂಗಳೂರಿನಲ್ಲಿ ವಾರವಿಡೀ ತಿನ್ನುವ ಪನೀರನ್ನು ಕಳಸದಲ್ಲಿ ಬಂದು ಯಾಕೆ ತಿನ್ನಬೇಕು ಅಂತ ಕೇಳುವ ಸಲಿಗೆ ನಿಮಗಿಲ್ಲ, ಅಕ್ಕನ ಗಂಡ. ಆದರೆ ಅತ್ತೆಯ ಮಾತು ಕೇಳಿ. 'ನಂಗೆಂಥದೂ ಬ್ಯಾಡ, ಒಂಚೂರು ಅನ್ನ ತಿಳಿಸಾರು ಇದ್ರೆ ಸಾಕು' ಅನ್ನುತ್ತಾರೆ. ತಿಳಿಸಾರು ಮೆನುವಿನಲ್ಲಿ ಇಲ್ಲ. ಅದು ಕೆಲಸದವರು ತಮಗೋಸ್ಕರ ಮಾಡಿಕೊಳ್ಳುವ ಸಾರು, ಒಲೆಯ ಹಿಂದುಗಡೆ ಸಣ್ಣ ಪಾತ್ರೆಯಲ್ಲಿ ಇರುತ್ತದೆ, ಬೆಳ್ಳುಳ್ಳಿ ಒಗ್ಗರಣೆಯದು. ವಯಸ್ಸಾದವರು ಕೇಳಿದರೆ ಇಲ್ಲ ಅನ್ನುವುದಿಲ್ಲ. ಆ ದಿನ ಆ ಟೇಬಲ್ಲಿನಲ್ಲಿ ಚೆನ್ನಾಗಿ ಉಂಡು ಎದ್ದವರು ಅವರೊಬ್ಬರೇ ಆಗಿರುತ್ತಾರೆ.

'ಎರಡೇ ನಿಮಿಷ ಸಾರ್' ಅಂದರೆ ಈಗ ತರಕಾರಿ ಹೆಚ್ಚುತ್ತಿದ್ದಾರೆ. 'ಬಂತು ಬಂತು' ಅಂದರೆ ಚೀಟಿ ಇನ್ನೂ ಅವನ ಜೇಬಿನಲ್ಲಿದೆ. ಏನೂ ಹೇಳದೆ ನೀರು ತಂದಿಟ್ಟರೆ ನಿಮ್ಮ ತಿಂಡಿ ಬೇರೆ ಟೇಬಲ್ಲಿಗೆ ಹೋಗಿದೆ.

ಕಾಫಿ

ಬಾಬಾ ಬುಡನ್ ಯೆಮೆನಿನಿಂದ ಏಳು ಬೀಜ ತಂದು ನಮ್ಮ ಗಿರಿಯ ಮೇಲೆ ಬಿತ್ತಿದರು ಅಂತ ಪ್ರತೀತಿ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಗಿಡದ ಸಂಶೋಧನೆ ನಡೆಯುತ್ತಿದೆ. ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಕರ್ನಾಟಕದ್ದು. ಇಷ್ಟೆಲ್ಲ ಇರುವ ಊರಿನಲ್ಲಿ, ಕಿಟಕಿಯಾಚೆ ಗಿಡದಲ್ಲಿ ಹಣ್ಣು ಕಾಣುತ್ತಿರುವಾಗಲೇ, ನಿಮ್ಮ ಮುಂದೆ ಬರುವ ಲೋಟದಲ್ಲಿ ಬೆಲ್ಲದ ಬಣ್ಣದ ಬಿಸಿ ಹಾಲು ಇರುತ್ತದೆ. ಹೊರಗಿನವರು ಇದನ್ನು ದೊಡ್ಡ ವಿಪರ್ಯಾಸ ಅನ್ನುತ್ತಾರೆ. ಊರವರಿಗೆ ಕಾರಣ ಗೊತ್ತು. ಬೆಳೆದದ್ದರ ಬಹುಪಾಲು ಹಡಗು ಹತ್ತಿ ಇಟಲಿ, ಜರ್ಮನಿ ಕಡೆ ಹೋಗುತ್ತದೆ. ಒಳ್ಳೆಯ ಪಾರ್ಚ್‌ಮೆಂಟ್ ಕಾಫಿಯ ಮೂಟೆಗೆ ಕಟ್ಟುವ ಬೆಲೆಯನ್ನು ಇಪ್ಪತ್ತು ರೂಪಾಯಿಯ ಲೋಟದಿಂದ ಗಿಟ್ಟಿಸಲು ಯಾವ ಯಜಮಾನರಿಗೂ ಸಾಧ್ಯವಿಲ್ಲ. ಹೋಟೆಲಿಗೆ ಬರುವುದು ಚಿಕೋರಿ ಬೆರೆಸಿದ ಪುಡಿ. ಕಾನೂನಿನ ಪ್ರಕಾರ ಅಂಥ ಪುಡಿಯಲ್ಲಿ ಚಿಕೋರಿ ಶೇ. 49 ಮೀರಬಾರದು, ಹಾಗಾಗಿ ನೀವು ಕುಡಿಯುವುದು ಬಹುಮತದಿಂದ ಕಾಫಿಯೇ.

ಚಿಕೋರಿ ಅಂಥ ಪಾಪವೇನಲ್ಲ, ನಮ್ಮ ಅರ್ಧ ರಾಜ್ಯ ಅದನ್ನೇ ಕುಡಿದು ಬೆಳೆದಿದೆ. ಕೆಡಿಸುವುದು ಡಿಕಾಕ್ಷನ್ನಿನ ಪಾತ್ರೆ. ಬೆಳಿಗ್ಗೆ ಆರಕ್ಕೆ ಹಾಕಿದ ಪುಡಿಯ ಮೇಲೆಯೇ ಎಂಟಕ್ಕೊಮ್ಮೆ ನೀರು, ಹತ್ತಕ್ಕೊಮ್ಮೆ ನೀರು. ಬಾಳೆಹೊನ್ನೂರಿನವರು ಕಾಂಡ ಕೊರೆಯುವ ಹುಳುವಿನ ಮೇಲೆ ಎಷ್ಟೋ ವರ್ಷ ದುಡಿದಿದ್ದಾರೆ, ಈ ಪಾತ್ರೆಯ ಮೇಲೂ ಒಂದು ಸಂಶೋಧನೆ ಆಗಬೇಕಿತ್ತು. ವಿಧಾನ ಇಷ್ಟು: ಕಾಫಿ ಕುಡಿಯುವುದಾದರೆ ಬೆಳಿಗ್ಗೆ ಆರೂವರೆಗೆ ಹೋಗಿ, ತೋಟದ ರೈಟರುಗಳ ಜೊತೆ ನಿಂತುಕೊಂಡು ಮೊದಲ ಡಿಕಾಕ್ಷನ್ನಿನ ಸ್ಟ್ರಾಂಗ್ ಕಾಫಿ ಕುಡಿದು ಬನ್ನಿ. ಹನ್ನೊಂದರ ಮೇಲೆ ಟೀ ಹೇಳಿ. ನಾಚಿಕೆ ಬೇಡ, ಕೆಳಗೂರು, ಸಂಸೆ ಕಡೆ ಟೀ ತೋಟಗಳೂ ಇವೆ.

ದೋಷ ಮತ್ತು ಪರಿಹಾರ

ಸಾಂಬಾರಿನಲ್ಲಿ ಬೇಳೆ ಇಲ್ಲ: ಸೌಟನ್ನು ತಳಕ್ಕೆ ಹಾಕಿ ಅಂತ ನಗುತ್ತಾ ಹೇಳಿ. ತಳದಲ್ಲೂ ಇಲ್ಲದಿದ್ದರೆ ನಗುವುದನ್ನು ನಿಲ್ಲಿಸಿ.

ಹೇಳಿದ್ದು ಒಂದು, ಬಂದದ್ದು ಇನ್ನೊಂದು: ಬಂದದ್ದನ್ನು ಮೂಸಿ ನೋಡಿ. ಬಹಳ ಸಲ ಅದೇ ಚೆನ್ನಾಗಿರುತ್ತದೆ, ಯಾಕಂದರೆ ಅದು ಬಸ್ ಡ್ರೈವರಿಗೆ ಹೊರಟಿತ್ತು.

ಏನೇ ಮಾಡಿದರೂ ಸರಿಹೋಗುತ್ತಿಲ್ಲ: ಕಳಸದಲ್ಲಿದ್ದರೆ ಎಂಟು ಕಿಲೋಮೀಟರ್ ಮುಂದೆ ಹೋಗಿ ಹೊರನಾಡು ಸೇರಿ. ಅಲ್ಲಿ ಮೆನು ಇಲ್ಲ, ಫ್ಯಾಮಿಲಿ ರೂಂ ಇಲ್ಲ, ಬಂದವರನ್ನೆಲ್ಲ ಸಾಲಿನಲ್ಲಿ ಕೂರಿಸಿ ಊಟ. ಸಾವಿರ ಜನಕ್ಕೆ ಮಾಡಿದ ಸಾರು ನಿನ್ನೆಯ ಹಾಗೆಯೇ ಇವತ್ತೂ ಇರುತ್ತದೆ. ಒಂದೇ ಅಡುಗೆಯನ್ನು ದಿನವೂ ಮಾಡುವವರಿಗೆ ಕೈ ತಪ್ಪುವುದಿಲ್ಲ, ನೂರಾ ಎಂಬತ್ತು ಬಗೆ ಬರೆದುಕೊಂಡವರಿಗೆ ತಪ್ಪುತ್ತದೆ. ಇದನ್ನು ಯಜಮಾನರಿಗೆ ಹೇಳಬೇಡಿ. ಅವರು ನೂರಾ ಎಂಬತ್ತೊಂದನೆಯದಾಗಿ 'ಹೊರನಾಡು ಸ್ಪೆಷಲ್ ಸಾರು' ಸೇರಿಸಿಬಿಡುತ್ತಾರೆ.

ಬಿಲ್

ಹೋಟೆಲಿನ ಜಿ.ಎಸ್.ಟಿ. 2017ರ ನವೆಂಬರಿನಿಂದ ಶೇ. 5. ಕಂಪೋಸಿಷನ್ ಸ್ಕೀಮಿನಲ್ಲಿ ಇರುವ ಸಣ್ಣ ಹೋಟೆಲುಗಳು ಅದನ್ನೂ ಗಿರಾಕಿಯಿಂದ ಪ್ರತ್ಯೇಕವಾಗಿ ವಸೂಲಿ ಮಾಡುವಂತಿಲ್ಲ. ಸರ್ವಿಸ್ ಚಾರ್ಜನ್ನು ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ ಅಂತ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲೇ ಹೇಳಿದೆ. ಸರ್ವಿಸ್ಸೇ ಇಲ್ಲದ ಕಡೆ ಈ ಪ್ರಶ್ನೆ ಏಳುವುದು ಅಪರೂಪ. ಸೋಂಪು ತಟ್ಟೆಯಲ್ಲಿ ನೋಟು ಬಿಡುವ ಬದಲು ಯಜಮಾನರಿಗೆ ಕಾಣದ ಹಾಗೆ ಸಪ್ಲೈಯರ್ ಕೈಗೇ ಕೊಡಿ, ಮುಂದಿನ ಸಲ 'ಹತ್ತು ನಿಮಿಷ ಕೂತ್ಕೊಳ್ಳಿ' ಅನ್ನುವ ಸತ್ಯ ಅಲ್ಲಿಂದ ಹುಟ್ಟುತ್ತದೆ.

ದೂರು ಹೇಳುವುದಕ್ಕೂ ನಮ್ಮಲ್ಲಿ ಒಂದು ಪದ್ಧತಿ ಇದೆ. ಗಲ್ಲದ ಮುಂದೆ ನಿಂತು 'ಸಾಂಬಾರು ಸರಿಯಿಲ್ಲ' ಅಂದರೆ ಯಜಮಾನರು 'ಹೌದಾ? ಬೆಳಗಿಂದ ಎಲ್ರೂ ಚೆನ್ನಾಗಿದೆ ಅಂದ್ರಲ್ಲ' ಅನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯಿತು. ಊರಿನವರು ಹಾಗೆ ಹೇಳುವುದಿಲ್ಲ. ಏನೂ ಹೇಳದೆ ದುಡ್ಡು ಕೊಟ್ಟು ಹೋಗಿ, ಒಂದು ತಿಂಗಳು ಎದುರಿನ ಹೋಟೆಲಿಗೆ ಹೋಗುತ್ತಾರೆ, ಅಲ್ಲಿ ಇನ್ನೂ ಕೆಟ್ಟದಾಗಿರುವುದರಿಂದ ವಾಪಸ್ ಬರುತ್ತಾರೆ. 'ಎಂಥದು ಗೌಡ್ರೆ, ಕಾಣ್ಲೇ ಇಲ್ಲ?' ಅಂತ ಯಜಮಾನರು. 'ತ್ವಾಟದ ಕೆಲ್ಸ ಮಾರಾಯ್ರೆ' ಅಂತ ಇವರು. ಇಬ್ಬರಿಗೂ ಗೊತ್ತು.

ತಿಂಗಳು ಕಾಯುವ ತಾಳ್ಮೆ ಇಲ್ಲದವರು ಚಿಲ್ಲರೆ ಎಣಿಸಿಕೊಳ್ಳುತ್ತಾ, ಮುಖ ನೋಡದೆ, ಒಂದೇ ಒಂದು ಪ್ರಶ್ನೆ ಕೇಳಬೇಕು:

'ಅಣ್ಣ ಊರಲ್ಲಿ ಇಲ್ವಾ?'

ಯಜಮಾನರ ಮುಖ ಸಣ್ಣದಾಗುತ್ತದೆ. ಬಾಯಿಗೆ ಬಂದ 'ಬೆಳಗಿಂದ ಎಲ್ರೂ' ಅಲ್ಲೇ ನಿಲ್ಲುತ್ತದೆ. 'ತಂಗಿ ಮದ್ವೆ ಅಂತ ಕುಂದಾಪುರಕ್ಕೆ ಹೋಗಿದಾನೆ ಮಾರಾಯ್ರೆ. ಮಂಗಳವಾರ ಬರ್ತಾನೆ' ಅನ್ನುತ್ತಾರೆ, ಕೈ ತಾನಾಗಿ ಬಿಲ್ಲಿನಿಂದ ಎರಡು ಕಾಫಿ ಹೊಡೆದು ಹಾಕುತ್ತದೆ.

ಮಂಗಳವಾರ ಹೋಗಬೇಡಿ. ಮದುವೆ ಮುಗಿಸಿ ಬಸ್ಸಿನಲ್ಲಿ ಬಂದವನು ಅವತ್ತು ಮಲಗಿರುತ್ತಾನೆ. ಬುಧವಾರ ಹೋಗಿ, ಹನ್ನೆರಡೂಕಾಲಿಗೆ. ಭಾವನನ್ನು ಅಷ್ಟರಲ್ಲಿ ಬೆಂಗಳೂರಿಗೆ ಕಳಿಸಿರಿ.